ಊರಿನವರೇ ನಡೆಸುವ ಹೋಟೆಲ್‌ಗೆ ಮನೆಮಂದಿಯೆಲ್ಲ ಹೋಗುವಾಗ

ಸಣ್ಣ ಊರುಗಳಲ್ಲಿ ಅಲ್ಲಿಯವರೇ ನಡೆಸುವ ಹೋಟೆಲ್‌ಗಳಿಗೆ ಕುಟುಂಬ ಸಮೇತ ಊಟಕ್ಕೆ ಹೋಗುವ ಕುರಿತು ಈ ಬಾರಿ ಹಲವು ಓದುಗರು ಬರೆದಿದ್ದಾರೆ. ಪತ್ರಗಳನ್ನು ಸಂಕ್ಷೇಪಿಸಿ, ಬರೆದವರ ಹೆಸರು ಮತ್ತು ಊರುಗಳನ್ನು ಬಿಟ್ಟು, ಉತ್ತರಗಳೊಂದಿಗೆ ಇಲ್ಲಿ ಪ್ರಕಟಿಸುತ್ತಿದ್ದೇವೆ.

ಪ್ರಶ್ನೆ: ರಜೆಯ ದಿನ ಮನೆಯವರೆಲ್ಲ ಕಾರಿನಲ್ಲಿ ಸುತ್ತಾಡಲು ಹೋಗುತ್ತೇವೆ. ಊಟಕ್ಕೆ ಮಾತ್ರ ಪ್ರತಿ ಬಾರಿಯೂ ಹೆದ್ದಾರಿ ಬದಿಯಲ್ಲಿರುವ ದೊಡ್ಡ ಕಂಪನಿಯ ಹೋಟೆಲ್‌ನಲ್ಲಿ ನಿಲ್ಲುತ್ತೇವೆ. ಊರೊಳಗಿನ ಸಣ್ಣ ಹೋಟೆಲ್‌ಗೆ ಹೋಗೋಣ ಎಂಬುದು ನಮ್ಮ ಅತ್ತೆಯವರ ಆಸೆ, ಆದರೆ ಶುಚಿತ್ವದ ಬಗ್ಗೆ ನನಗೆ ಅಳುಕಿದೆ. ಕಂಡರಿಯದ ಹೋಟೆಲನ್ನು ನಂಬುವುದು ಹೇಗೆ?

ಉತ್ತರ: ದೊಡ್ಡ ಹೆಸರು ಶುಚಿತ್ವಕ್ಕೆ ಖಾತರಿಯಲ್ಲ, ಸಣ್ಣ ಬೋರ್ಡು ಕೊಳಕಿನ ಗುರುತೂ ಅಲ್ಲ. ದೊಡ್ಡ ಕಂಪನಿಯಲ್ಲಿ ಶುಚಿತ್ವದ ಕ್ರಮವನ್ನು ಕಾಗದದ ಮೇಲೆ ಬರೆದಿಟ್ಟಿರುತ್ತಾರೆ. ಸಣ್ಣ ಹೋಟೆಲ್‌ನಲ್ಲಿ ಅದು ಮಾಲೀಕರ ರೂಢಿಯಲ್ಲಿ ಇರುತ್ತದೆ. ಆದ್ದರಿಂದ ಅಲ್ಲಿ ನೋಡಬೇಕಾದದ್ದು ಆ ರೂಢಿಯನ್ನು. ವಿಶ್ವ ಆರೋಗ್ಯ ಸಂಸ್ಥೆ 2001ರಲ್ಲಿ ಸುರಕ್ಷಿತ ಆಹಾರಕ್ಕೆ ಐದು ಸೂತ್ರಗಳನ್ನು ಮುಂದಿಟ್ಟಿತು: ಕೈ ಮತ್ತು ಪಾತ್ರೆಗಳ ಶುಚಿ, ಹಸಿ ಪದಾರ್ಥವನ್ನೂ ಬೆಂದದ್ದನ್ನೂ ಬೇರೆಬೇರೆಯಾಗಿ ಇಡುವುದು, ಪೂರ್ತಿಯಾಗಿ ಬೇಯಿಸುವುದು, ಆಹಾರವನ್ನು ಸರಿಯಾದ ಉಷ್ಣತೆಯಲ್ಲಿ ಕಾಯ್ದಿಡುವುದು, ಶುದ್ಧ ನೀರನ್ನೂ ಒಳ್ಳೆಯ ಸಾಮಗ್ರಿಯನ್ನೂ ಬಳಸುವುದು. ಅಡುಗೆಮನೆಯೊಳಗೆ ಕಾಲಿಡದಿದ್ದರೂ ಇವುಗಳಲ್ಲಿ ಹೆಚ್ಚಿನವನ್ನು ನೀವು ಕುಳಿತಲ್ಲಿಂದಲೇ ಊಹಿಸಬಹುದು. ಗಲ್ಲಾದಲ್ಲಿ ಹಣ ಎಣಿಸಿದ ಕೈಯೇ ತೊಳೆಯದೆ ತಟ್ಟೆಗೆ ಹೋಗುತ್ತಿದೆಯೇ, ಕೈ ತೊಳೆಯುವ ಜಾಗದಲ್ಲಿ ಸೋಪು ಇದೆಯೇ, ಟೇಬಲ್ ಒರೆಸುವ ಬಟ್ಟೆಯಿಂದಲೇ ಲೋಟವನ್ನೂ ಒರೆಸುತ್ತಿದ್ದಾರೆಯೇ, ಶೌಚಾಲಯ ಹೇಗಿದೆ ಎಂಬುದನ್ನು ಐದು ನಿಮಿಷದಲ್ಲಿ ತಿಳಿಯಬಹುದು.

ನನಗೆ ಎಲ್ಲಕ್ಕಿಂತ ಮುಖ್ಯವೆನಿಸುವುದು ಉಷ್ಣತೆ. ಬೆಂದ ಆಹಾರವನ್ನು 60 ಡಿಗ್ರಿ ಸೆಲ್ಸಿಯಸ್‌ಗಿಂತ ಬಿಸಿಯಾಗಿ ಇಡಬೇಕು, ಇಲ್ಲವೇ 5 ಡಿಗ್ರಿಗಿಂತ ತಣ್ಣಗೆ ಇಡಬೇಕು. ಇವೆರಡರ ನಡುವೆ ಬ್ಯಾಕ್ಟೀರಿಯಾಗಳು ಬೇಗ ಹೆಚ್ಚುವುದರಿಂದ ಸಾಮಾನ್ಯ ಉಷ್ಣತೆಯಲ್ಲಿ ಎರಡು ಗಂಟೆಗಿಂತ ಹೆಚ್ಚು ಇಡಬಾರದೆಂಬುದು ಅದೇ ಸಂಸ್ಥೆಯ ಸಲಹೆ. ಮತ್ತೆ ಕುದಿಸಿದರೆ ಎಲ್ಲವೂ ಸರಿಹೋಗುತ್ತದೆ ಎಂಬ ನಂಬಿಕೆ ತಪ್ಪು. ಉದಾಹರಣೆಗೆ ಅನ್ನದಲ್ಲಿ ಬೆಳೆಯುವ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಕಣಗಳು ಬೇಯಿಸಿದರೂ ಉಳಿಯುತ್ತವೆ. ಅನ್ನ ಹೊರಗೇ ಇದ್ದರೆ ಅವು ಮೊಳೆತು, ಎರಡನೆಯ ಬಾರಿ ಬಿಸಿ ಮಾಡಿದರೂ ನಾಶವಾಗದ ವಿಷವನ್ನು ಉಂಟುಮಾಡಬಲ್ಲವು. ಬಿಸಿಯಾಗಿರಬೇಕಾದ ಆಹಾರ ಉಗುರುಬೆಚ್ಚಗೆ ಬಂದರೆ ಸಂಕೋಚಪಡದೆ ಹಿಂದಕ್ಕೆ ಕೊಡಿ. ಊರಿನ ಜನ ಉಣ್ಣಲು ಬರುವ ಹೊತ್ತಿಗೇ ಹೋಗಿ, ಏಕೆಂದರೆ ಆಗ ಮಾಡಿದ ಅಡುಗೆ ಮಾಡಿದಂತೆಯೇ ಖಾಲಿಯಾಗುತ್ತಿರುತ್ತದೆ. ಮೆನುವಿನ ಉದ್ದವನ್ನೂ ಗಮನಿಸಿ. ಹೆಚ್ಚು ಗಿರಾಕಿಗಳಿಲ್ಲದ ಹೋಟೆಲ್‌ನಲ್ಲಿ ನೂರು ಬಗೆಯ ತಿನಿಸುಗಳ ಪಟ್ಟಿಯಿದ್ದರೆ ಅವುಗಳ ಸಾಮಗ್ರಿ ಎಷ್ಟು ದಿನದಿಂದ ಒಳಗಿದೆ ಎಂದು ಕೇಳಿಕೊಳ್ಳಬೇಕಾಗುತ್ತದೆ. ಆಯ್ಕೆ ನನ್ನದಾದರೆ ನಾನು ಚಿಕ್ಕ ಪಟ್ಟಿಯ ಹೋಟೆಲನ್ನೇ ಆರಿಸುತ್ತೇನೆ.

ಮೊಬೈಲಿನಲ್ಲಿ ಕಾಣುವ ನಕ್ಷತ್ರಗಳನ್ನು ಸಣ್ಣ ಊರಿನಲ್ಲಿ ಎಚ್ಚರದಿಂದ ಓದಬೇಕು. ಒಂಬತ್ತು ಮಂದಿ ಐದು ನಕ್ಷತ್ರ, ಒಬ್ಬರು ಒಂದು ನಕ್ಷತ್ರ ಕೊಟ್ಟಿದ್ದರೆ ಸರಾಸರಿ 4.6 ಆಗುತ್ತದೆ, ಇನ್ನೊಬ್ಬರು ಸಿಟ್ಟಿನಲ್ಲಿ ಒಂದು ನಕ್ಷತ್ರ ಕೊಟ್ಟರೆ ಅದು 4.3ಕ್ಕೆ ಇಳಿಯುತ್ತದೆ. ಸಾವಿರಾರು ಗಿರಾಕಿಗಳಿರುವ ಕಂಪನಿ ಹೋಟೆಲ್‌ನ ಅಂಕಿಯನ್ನು ಒಬ್ಬರ ಸಿಟ್ಟು ಅಲುಗಾಡಿಸಲಾರದು. ಆದ್ದರಿಂದ ಅಂಕಿಯನ್ನು ಬಿಟ್ಟು, ಯಾರು ಯಾವಾಗ ಏನು ಬರೆದಿದ್ದಾರೆ ಎಂಬುದನ್ನು ಓದಿ. ಹೊಟ್ಟೆ ಕೆಟ್ಟ ದೂರು ಮತ್ತೆ ಮತ್ತೆ ಕಂಡರೆ ಆ ಹೋಟೆಲನ್ನು ಬಿಟ್ಟುಬಿಡಿ.

ಪ್ರಶ್ನೆ: ನಮ್ಮ ಮಗಳಿಗೆ ನಾಲ್ಕು ವರ್ಷ. ಹೋಟೆಲ್‌ನಲ್ಲಿ ಊಟ ಬರುವಷ್ಟರಲ್ಲಿ ರಂಪ ಮಾಡುತ್ತಾಳೆ, ಬಂದ ಮೇಲೆ ಮುಟ್ಟುವುದಿಲ್ಲ. ಕೊನೆಗೆ ಫೋನ್ ಕೊಟ್ಟು ತಿನ್ನಿಸುತ್ತೇವೆ. ಸಣ್ಣ ಹೋಟೆಲ್‌ನಲ್ಲಿ ಆಟದ ಜಾಗವೂ ಇರುವುದಿಲ್ಲ. ಅವಳು ದೊಡ್ಡವಳಾಗುವವರೆಗೆ ಹೋಗದಿರುವುದೇ ಒಳ್ಳೆಯದೇ?

ಉತ್ತರ: ಹೋಗಿ, ಆದರೆ ಹೊತ್ತು ಬದಲಿಸಿ. ಇಲ್ಲಿ ಕಷ್ಟ ಕೊಡುತ್ತಿರುವುದು ಊಟಕ್ಕಿಂತ ಕಾಯುವಿಕೆ. ಸಣ್ಣ ಹೋಟೆಲ್‌ನ ಅಡುಗೆಮನೆಯಲ್ಲಿ ಒಬ್ಬರೋ ಇಬ್ಬರೋ ದುಡಿಯುತ್ತಿರುತ್ತಾರೆ. ಒಂದೇ ಟೇಬಲ್‌ನಿಂದ ಆರು ಬಗೆಯ ತಿನಿಸು ಕೇಳಿದರೆ ಅವು ಒಂದಾದ ಮೇಲೆ ಒಂದರಂತೆ ಬರುತ್ತವೆ. ಎರಡೇ ಬಗೆ ಕೇಳಿದರೆ ಬೇಗ ಬರುತ್ತವೆ, ಒಟ್ಟಿಗೂ ಬರುತ್ತವೆ. ಜನಸಂದಣಿ ಶುರುವಾಗುವ ಅರ್ಧ ಗಂಟೆ ಮೊದಲು ತಲುಪಿ, ಕುಳಿತ ಕೂಡಲೇ ಮಗುವಿನದನ್ನು ಮೊದಲು ಹೇಳಿ, ಯಾವುದು ಬೇಗ ಸಿದ್ಧವಾಗುತ್ತದೆ ಎಂದು ಕೇಳಿ. ಮಾಲೀಕರೇ ಎದುರಿಗೆ ಇರುವ ಹೋಟೆಲ್‌ನಲ್ಲಿ ಖಾರ ಕಡಿಮೆ ಮಾಡಿಸುವುದು, ಅರ್ಧ ಪ್ರಮಾಣ ಕೊಡಿಸುವುದು ಸುಲಭ. ಶಾಖೆಗಳಿಗೆ ಸಿದ್ಧ ಮಿಶ್ರಣಗಳನ್ನು ಕಳಿಸುವ ಕಂಪನಿಯ ಹೋಟೆಲ್‌ನಲ್ಲಿ ಅದು ಎಷ್ಟೋ ಸಲ ಸಾಧ್ಯವಾಗುವುದೇ ಇಲ್ಲ.

ತಿನ್ನದಿರುವ ವಿಚಾರಕ್ಕೆ ಬಂದರೆ, ಅಮೆರಿಕದ ಆಹಾರತಜ್ಞೆ ಎಲಿನ್ ಸ್ಯಾಟರ್ ಅವರು ಮುಂದಿಟ್ಟ ಒಂದು ವಿಭಜನೆ ಬಹಳ ಉಪಯುಕ್ತ. ಏನು, ಯಾವಾಗ, ಎಲ್ಲಿ ಬಡಿಸಬೇಕೆಂಬುದು ತಂದೆತಾಯಿಯ ನಿರ್ಧಾರ. ತಿನ್ನಬೇಕೇ, ಎಷ್ಟು ತಿನ್ನಬೇಕು ಎಂಬುದು ಮಗುವಿನ ನಿರ್ಧಾರ. ಹೊಸ ರುಚಿಯನ್ನು ಒಪ್ಪಿಕೊಳ್ಳುವ ಮುನ್ನ ಮಕ್ಕಳು ಅದನ್ನು ಎಂಟು, ಹತ್ತು, ಕೆಲವೊಮ್ಮೆ ಹದಿನೈದು ಬಾರಿ ನೋಡಿ, ಮೂಸಿ, ತುಸು ರುಚಿ ನೋಡಬೇಕಾಗಬಹುದು. ಹಾಗಾಗಿ ಅವಳಿಗೆ ಪರಿಚಿತವಾದ ಒಂದು ತಿನಿಸನ್ನು ತರಿಸಿ, ಹೊಸದರ ಒಂದು ತುಣುಕನ್ನು ಪಕ್ಕದಲ್ಲಿಟ್ಟು, ಬಲವಂತ ಮಾಡದೆ ಸುಮ್ಮನಿರಿ. ನೀರು ಬೇಕೆಂದು ಬಡಿಸುವವರನ್ನು ಅವಳೇ ಕೇಳಲಿ. ಪರಿಚಯದ ಮುಖಗಳಿರುವ ಸಣ್ಣ ಹೋಟೆಲ್‌ನಲ್ಲಿ ಮಕ್ಕಳು ಹೊರಗಿನವರೊಂದಿಗೆ ಮಾತನಾಡುವುದನ್ನು ಕಲಿಯುತ್ತಾರೆ, ಮತ್ತು ಇದನ್ನು ನಾನು ಆಟದ ಜಾಗಕ್ಕಿಂತ ದೊಡ್ಡ ಅನುಕೂಲವೆಂದು ಎಣಿಸುತ್ತೇನೆ. ಎರಡರಿಂದ ನಾಲ್ಕು ವರ್ಷದ ಮಕ್ಕಳು ಕುಳಿತು ಪರದೆ ನೋಡುವ ಸಮಯ ದಿನಕ್ಕೆ ಒಂದು ಗಂಟೆ ಮೀರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದೆ. ಫೋನ್ ಬದಲಿಗೆ ಕಾಗದ ಮತ್ತು ಬಣ್ಣದ ಪೆನ್ಸಿಲ್ ಕೊಂಡೊಯ್ಯಿರಿ. ಇಡಿಯಾದ ಬೀಜಗಳನ್ನು, ಕತ್ತರಿಸದ ದ್ರಾಕ್ಷಿಯನ್ನು ಈ ವಯಸ್ಸಿನವರಿಗೆ ಕೊಡಬೇಡಿ, ಗಂಟಲಿಗೆ ಸಿಕ್ಕಿಕೊಳ್ಳುತ್ತವೆ. ಮೇಜುಗಳ ನಡುವೆ ಓಡಾಡಲಂತೂ ಬಿಡಲೇಬೇಡಿ, ಇಕ್ಕಟ್ಟಾದ ಜಾಗದಲ್ಲಿ ಕುದಿಯುವ ಪಾತ್ರೆ ಹಿಡಿದವರು ಎದುರಾಗುತ್ತಿರುತ್ತಾರೆ.

ಪ್ರಶ್ನೆ: ಮಗನಿಗೆ ಕಡಲೆಕಾಯಿಯ ಅಲರ್ಜಿ ಇದೆ. ಹೋಟೆಲ್‌ನವರು "ಇದರಲ್ಲಿ ಹಾಕಿಲ್ಲ" ಎಂದರೆ ಸಾಕೇ?

ಉತ್ತರ: ಸಾಲದು. ಸಣ್ಣ ಹೋಟೆಲ್‌ನ ಅನುಕೂಲ ಮತ್ತು ಅಪಾಯ ಎರಡೂ ಒಂದೇ ಕಡೆ ಇವೆ. ಅಡುಗೆ ಮಾಡಿದವರೇ ನಿಮ್ಮೆದುರು ನಿಂತು ಏನೇನು ಹಾಕಿದ್ದೇವೆಂದು ಹೇಳಬಲ್ಲರು, ಆದರೆ ಅದೇ ಒಂದು ಬಾಣಲೆ, ಅದೇ ಎಣ್ಣೆ, ಅದೇ ಸೌಟು ಎಲ್ಲ ತಿನಿಸುಗಳಿಗೂ ಬಳಕೆಯಾಗುತ್ತಿರುತ್ತದೆ. ಅಲರ್ಜಿ ತೀವ್ರವಾಗಿದ್ದರೆ ಸೌಟಿಗೆ ಅಂಟಿದಷ್ಟು ಅಂಶವೂ ಸಾಕು. ಹುರಿದರೆ, ಬೇಯಿಸಿದರೆ ಕಡಲೆಕಾಯಿಯ ಅಲರ್ಜಿಕಾರಕ ಪ್ರೋಟೀನ್ ನಾಶವಾಗುವುದಿಲ್ಲ. ಮೇಲೆ ಉದುರಿಸಿದ ಕಾಳುಗಳನ್ನು ಆರಿಸಿ ತೆಗೆದರೂ ಪ್ರಯೋಜನವಿಲ್ಲ. "ಕಡಲೆಕಾಯಿ ಹಾಕಿದ್ದೀರಾ" ಎಂದಷ್ಟೇ ಕೇಳದೆ, ಯಾವ ಎಣ್ಣೆ ಬಳಸುತ್ತೀರಿ, ಇದೇ ಪಾತ್ರೆಯಲ್ಲಿ ಇನ್ನೇನು ಮಾಡುತ್ತೀರಿ, ಪುಡಿ ಮತ್ತು ಮಸಾಲೆಗಳನ್ನು ಎಲ್ಲಿಂದ ತರಿಸುತ್ತೀರಿ ಎಂದು ಕೇಳಬೇಕು. ಊಟದ ಗದ್ದಲದಲ್ಲಿ ಇದಕ್ಕೆ ನಿಧಾನವಾಗಿ ಉತ್ತರಿಸಲು ಯಾರಿಗೂ ಆಗದು. ಆದ್ದರಿಂದ ಬಿಡುವಿನ ಹೊತ್ತಿನಲ್ಲಿ, ಸಾಧ್ಯವಾದರೆ ಹಿಂದಿನ ದಿನವೇ, ಫೋನ್ ಮಾಡಿ ಅಡುಗೆಯವರೊಂದಿಗೆ ನೇರವಾಗಿ ಮಾತನಾಡಿ.

ಯುರೋಪಿಯನ್ ಒಕ್ಕೂಟದಲ್ಲಿ 2014ರ ಡಿಸೆಂಬರ್‌ನಿಂದ ಹೋಟೆಲ್‌ಗಳೂ 14 ಬಗೆಯ ಅಲರ್ಜಿಕಾರಕಗಳ ಮಾಹಿತಿಯನ್ನು ಗಿರಾಕಿಗಳಿಗೆ ಕೊಡಲೇಬೇಕೆಂಬ ನಿಯಮವಿದೆ. ಇಂತಹ ನಿಯಮ ಇರಲಿ, ಇಲ್ಲದಿರಲಿ, ಕೇಳುವುದು ನಿಮ್ಮ ಹಕ್ಕು. ಉತ್ತರ ತಡವರಿಸಿದರೆ ಮಗನಿಗೆ ಮನೆಯಿಂದಲೇ ತಂದ ಊಟ ಕೊಡಲು ಅನುಮತಿ ಕೇಳಿ, ಕಾರಣ ಹೇಳಿದರೆ ಒಪ್ಪದವರು ವಿರಳ. ವೈದ್ಯರು ಅಡ್ರಿನಲಿನ್ ಚುಚ್ಚುಮದ್ದಿನ ಪೆನ್ ಬರೆದುಕೊಟ್ಟಿದ್ದರೆ ಅದು ಕಾರಿನಲ್ಲಿ ಇರಬಾರದು, ನಿಮ್ಮ ಕೈಚೀಲದಲ್ಲಿ ಇರಬೇಕು. ಸಣ್ಣ ಊರಿನಲ್ಲಿ ಆಸ್ಪತ್ರೆ ದೂರವಿರಬಹುದು, ದಾರಿಯನ್ನು ಮೊದಲೇ ತಿಳಿದುಕೊಳ್ಳಿ.

ಪ್ರಶ್ನೆ: ನಮ್ಮ ತಂದೆಯವರು ಗಾಲಿಕುರ್ಚಿ ಬಳಸುತ್ತಾರೆ, ಕಿವಿಯೂ ಮಂದ. "ನನ್ನಿಂದ ನಿಮಗೆಲ್ಲ ತೊಂದರೆ" ಎಂದು ಬರಲು ಒಪ್ಪುವುದಿಲ್ಲ.

ಉತ್ತರ: ಅವರ ಮುಂದೆ ತೊಂದರೆ ಕಾಣಿಸಿಕೊಳ್ಳದಂತೆ ನೀವೊಬ್ಬರೇ ಮೊದಲು ಹೋಗಿ ಅಳತೆ ನೋಡಿಬನ್ನಿ. ಇಳಿಜಾರು ಹಲಗೆಗೆ ಸಾಮಾನ್ಯವಾಗಿ ಒಪ್ಪಿರುವ ಪ್ರಮಾಣ 1:12. ಅಂದರೆ 15 ಸೆಂಟಿಮೀಟರ್ ಎತ್ತರದ ಮೆಟ್ಟಿಲಿಗೆ 1.8 ಮೀಟರ್ ಉದ್ದದ ಹಲಗೆ ಬೇಕು. ಬಾಗಿಲು, ಶೌಚಾಲಯದ ದಾರಿ, ಮೇಜಿನ ಕೆಳಗೆ ಮೊಣಕಾಲಿಗೆ ಜಾಗ, ಈ ಮೂರನ್ನೂ ನೋಡಿ. ಅಡುಗೆಮನೆಗೂ ಫ್ಯಾನಿಗೂ ದೂರವಾದ ಮೂಲೆಯಲ್ಲಿ, ಅವರ ಬೆನ್ನಿಗೆ ಗೋಡೆ ಬರುವಂತೆ ಮೇಜನ್ನು ಕಾಯ್ದಿರಿಸಿ. ಹಿಂದಿನಿಂದ ಸದ್ದು ಬರದಿದ್ದರೆ, ಎದುರಿನವರ ಮುಖಕ್ಕೆ ಬೆಳಕಿದ್ದರೆ, ಮಾತು ಎಷ್ಟೋ ಸ್ಪಷ್ಟವಾಗಿ ತಿಳಿಯುತ್ತದೆ. ಬಡಿಸುವವರು ಏನು ಬೇಕೆಂದು ನಿಮ್ಮನ್ನು ಕೇಳದೆ ಅವರನ್ನೇ ಕೇಳಲಿ ಎಂದೂ ಮಾಲೀಕರಿಗೆ ಹೇಳಿಡಿ. ಅವರ ಸಂಕೋಚ ಕರಗುವುದು ಬಹುಪಾಲು ಈ ಒಂದರಿಂದ.

ಪ್ರಶ್ನೆ: ಸ್ಥಳೀಯ ಹೋಟೆಲ್‌ಗೆ ಹೋದರೆ ಊರಿಗೆ ನಿಜವಾಗಿ ಲಾಭವಾಗುತ್ತದೆಯೇ, ಅಥವಾ ಇದು ಬರಿಯ ಭಾವನೆಯೇ?

ಉತ್ತರ: ಬರಿಯ ಭಾವನೆಯಲ್ಲ. ಹೋಟೆಲ್ ವ್ಯಾಪಾರದಲ್ಲಿ ಸ್ಥೂಲವಾಗಿ ಬಿಲ್ಲಿನ ಮೂರನೆಯ ಒಂದು ಭಾಗ ಸಾಮಗ್ರಿಗೆ, ಇನ್ನೊಂದು ಭಾಗ ಸಂಬಳಕ್ಕೆ ಹೋಗುತ್ತದೆ. ಬಾಡಿಗೆ, ಇಂಧನ, ತೆರಿಗೆ ಕಳೆದು ಮಾಲೀಕರಿಗೆ ಉಳಿಯುವುದು ತೀರಾ ಸಣ್ಣ ಪಾಲು. ಸಂಬಳವನ್ನು ಎಲ್ಲ ಹೋಟೆಲ್‌ಗಳೂ ಊರಿನಲ್ಲೇ ಕೊಡುತ್ತವೆ. ವ್ಯತ್ಯಾಸ ಇರುವುದು ತರಕಾರಿ, ಹಾಲು, ದುರಸ್ತಿ, ಲೆಕ್ಕಪತ್ರದ ಕೆಲಸ ಯಾರಿಗೆ ಸಿಗುತ್ತದೆ ಮತ್ತು ಲಾಭ ಎಲ್ಲಿ ಖರ್ಚಾಗುತ್ತದೆ ಎಂಬಲ್ಲಿ. ಮಾಲೀಕರು ಊರಿನವರಾದರೆ ಅದರ ಬಹುಭಾಗ ಪಕ್ಕದ ಅಂಗಡಿಗಳಿಗೇ ತಿರುಗಿ ಬರುತ್ತದೆ. ಮನೆಗೆ ತರಿಸುವ ದಿನವೂ ಇದನ್ನು ನೆನಪಿಡಿ. ಡೆಲಿವರಿ ಆ್ಯಪ್‌ಗಳು ಹೋಟೆಲ್‌ನವರಿಂದ ಪಡೆಯುವ ಕಮಿಷನ್ ಬಿಲ್ಲಿನ ಶೇಕಡಾ 30ರಷ್ಟು ಇರುವುದೂ ಉಂಟು. ಇದು ಭಾರವಾಯಿತೆಂದೇ 2020ರಲ್ಲಿ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋ ನಗರ ಅದಕ್ಕೆ ಶೇಕಡಾ 15ರ ಮಿತಿ ಹಾಕಿತು. ನೇರವಾಗಿ ಫೋನ್ ಮಾಡಿ ಪಾರ್ಸೆಲ್ ತಂದರೆ ಆ ಪಾಲು ಅಡುಗೆ ಮಾಡಿದವರಿಗೇ ಉಳಿಯುತ್ತದೆ. ಹಾಗೆಂದು ಕೆಟ್ಟ ಊಟವನ್ನು ಊರಿನ ಅಭಿಮಾನಕ್ಕಾಗಿ ಸಹಿಸಬೇಕಿಲ್ಲ.

ಪ್ರಶ್ನೆ: ಕಳೆದ ಭೇಟಿಯಲ್ಲಿ ಊಟ ಬಹಳ ತಡವಾಯಿತು, ಒಂದು ತಿನಿಸು ಉಪ್ಪಾಗಿತ್ತು. ಮಾಲೀಕರು ಪರಿಚಯದವರಾದ್ದರಿಂದ ಅಲ್ಲಿ ಏನೂ ಹೇಳದೆ ಬಂದು, ಅಂತರ್ಜಾಲದಲ್ಲಿ ಹೆಸರಿಲ್ಲದೆ ವಿಮರ್ಶೆ ಹಾಕಬೇಕೆಂದಿದ್ದೇನೆ. ಸರಿಯೇ?

ಉತ್ತರ: ನನ್ನ ಮಟ್ಟಿಗೆ ಸರಿಯಲ್ಲ. ಉಪ್ಪಿನ ವಿಷಯವನ್ನು ಅಲ್ಲೇ ಹೇಳಿದ್ದರೆ ತಟ್ಟೆ ಬದಲಾಗುತ್ತಿತ್ತು, ನಿಮ್ಮ ನಂತರ ಬಂದವರ ಊಟವೂ ಸುಧಾರಿಸುತ್ತಿತ್ತು. ಈಗಲೂ ಫೋನ್ ಮಾಡಿ, ಯಾವ ದಿನ, ಯಾವ ತಿನಿಸು, ಎಷ್ಟು ಹೊತ್ತು ಕಾದಿರಿ ಎಂದು ಶಾಂತವಾಗಿ ತಿಳಿಸಿ. ಅದಕ್ಕೂ ಉಡಾಫೆಯ ಉತ್ತರ ಬಂದರೆ ನಡೆದದ್ದನ್ನು ನಡೆದಷ್ಟೇ, ನಿಮ್ಮ ಹೆಸರು ಹಾಕಿಯೇ ಬರೆಯಿರಿ. ಊಟದಿಂದ ಮನೆಯ ಹಲವರಿಗೆ ಒಟ್ಟಿಗೆ ವಾಂತಿಭೇದಿಯಾಗಿದ್ದರೆ ಮಾತು ಬೇರೆ. ಅದನ್ನು ವೈದ್ಯರಿಗೂ ಆಹಾರ ಸುರಕ್ಷತೆಯ ಅಧಿಕಾರಿಗಳಿಗೂ ತಿಳಿಸಬೇಕು, ಪರಿಚಯದ ದಾಕ್ಷಿಣ್ಯ ಅಲ್ಲಿ ಸಲ್ಲದು.

ಪ್ರಶ್ನೆ: ಇಪ್ಪತ್ತು ಮಂದಿಗೆ ಜಾಗ ಕಾಯ್ದಿರಿಸಿದ್ದೆವು, ಹನ್ನೊಂದು ಮಂದಿ ಮಾತ್ರ ಹೋದೆವು. ಮಾಲೀಕರು ಮುಖ ಗಂಟು ಹಾಕಿಕೊಂಡರು. ತಿಂದದ್ದಕ್ಕೆ ಹಣ ಕೊಟ್ಟ ಮೇಲೆ ಕೋಪವೇಕೆ?

ಉತ್ತರ: ನಲವತ್ತು ಮಂದಿ ಕೂರುವ ಹೋಟೆಲ್‌ನಲ್ಲಿ ಇಪ್ಪತ್ತು ಕುರ್ಚಿಗಳೆಂದರೆ ಅರ್ಧ ಹೋಟೆಲ್. ನಿಮಗಾಗಿ ಅವರು ಬಂದ ಗಿರಾಕಿಗಳನ್ನು ಹಿಂದಕ್ಕೆ ಕಳಿಸಿರಬಹುದು, ಬೆಳಿಗ್ಗೆಯೇ ಹೆಚ್ಚು ಸಾಮಗ್ರಿ ತಂದಿರುತ್ತಾರೆ, ಕೆಲಸಕ್ಕೆ ಒಬ್ಬರನ್ನು ಹೆಚ್ಚಾಗಿ ಕರೆದಿರಲೂಬಹುದು. ದೊಡ್ಡ ಕಂಪನಿ ಈ ನಷ್ಟವನ್ನು ಹಲವು ಶಾಖೆಗಳಲ್ಲಿ ಹಂಚಿಕೊಳ್ಳಬಲ್ಲದು, ಇವರಿಗೆ ಆ ದಿನದ ಸಂಪಾದನೆಯೇ ಹೋಯಿತು. ಮುಂದಿನ ಬಾರಿ ಹಿಂದಿನ ಸಂಜೆ ಎಲ್ಲರನ್ನೂ ಕೇಳಿ, ಖಚಿತವಾದ ಸಂಖ್ಯೆಯನ್ನು ತಿಳಿಸಿ, ದೊಡ್ಡ ಗುಂಪಾದರೆ ಮುಂಗಡವನ್ನೂ ಕೊಡಿ. ಹೊರಡುವ ಹೊತ್ತಿಗೆ ಯಾರಾದರೂ ತಪ್ಪಿಸಿಕೊಂಡರೆ ದಾರಿಯಿಂದಲೇ ಫೋನ್ ಮಾಡಿ. ಈ ಸಲದ್ದಕ್ಕೆ ಒಮ್ಮೆ ಹೋಗಿ, ಬಾರದ ಒಂಬತ್ತು ಮಂದಿಗೆಂದು ಸಿದ್ಧಪಡಿಸಿದ ಅಡುಗೆಯ ವೆಚ್ಚ ಎಷ್ಟಾಯಿತೆಂದು ಕೇಳಿ, ಅದನ್ನು ಕೊಟ್ಟುಬನ್ನಿ. ಅವರು ಬೇಡವೆನ್ನಬಹುದು, ಆದರೂ ನೀವು ಕೇಳಬೇಕು.