ಕಡಲು ನೋಡುವವರ ನಡುವೆ ಸ್ಕೂಟರ್

ಪ್ರಶ್ನೆ: ನನ್ನ ಮನೆ ತ್ರಾಸಿ, ಕೆಲಸ ನಾವುಂದದಲ್ಲಿ. ದಿನಾ ಸ್ಕೂಟರಿನಲ್ಲೇ ಓಡಾಟ. ಡಿಸೆಂಬರ್ ಬಂತೆಂದರೆ ಮರವಂತೆಯಲ್ಲಿ ಪ್ರವಾಸಿಗರ ಗಾಡಿಗಳದೇ ಸಾಲು. ಮುಂದಿನ ಕಾರು ಹೇಳದೆ ಕೇಳದೆ ನಿಂತುಬಿಡುತ್ತದೆ. ಕಳೆದ ವಾರ ಯಾರೋ ತಟ್ಟನೆ ತೆರೆದ ಬಾಗಿಲಿಗೆ ಹ್ಯಾಂಡಲ್ ತಾಗಿ, ಬೀಳುವುದು ಸ್ವಲ್ಪದರಲ್ಲಿ ತಪ್ಪಿತು. ಸಂಜೆ ಮನೆಗೆ ಬರಲು ಭಯವಾಗುತ್ತದೆ. ಏನು ಮಾಡಲಿ?
– ಓದುಗಿ, ತ್ರಾಸಿ

ಉತ್ತರ: ತಂಗಿ, ಕುಂದಾಪುರ–ಬೈಂದೂರು ರೂಟಿನಲ್ಲಿ ನಾನು 28 ವರ್ಷ ಬಸ್ಸು ಬಿಟ್ಟವನು. ನಿಮ್ಮ ಭಯ ಸುಳ್ಳಲ್ಲ.

ಒಂದು ಬದಿ ಕಡಲು, ಇನ್ನೊಂದು ಬದಿ ಸೌಪರ್ಣಿಕಾ ನದಿ, ನಡುವೆ ರಾಷ್ಟ್ರೀಯ ಹೆದ್ದಾರಿ 66. ಘಟ್ಟ ಇಳಿದು ಬಂದವರಿಗೆ ಅಲ್ಲಿ ಕಣ್ಣು ರಸ್ತೆಯ ಮೇಲೆ ನಿಲ್ಲುವುದಿಲ್ಲ. ಅವರ ಮೇಲೆ ನನಗೆ ಸಿಟ್ಟಿಲ್ಲ, ವರ್ಷಕ್ಕೊಮ್ಮೆ ಕಡಲು ಕಾಣುವವರು. ಆದರೆ ಅವರು ನೋಡದ ರಸ್ತೆಯನ್ನು ಅವರ ಪಾಲಿಗೂ ನಾವೇ ನೋಡಬೇಕಾಗುತ್ತದೆ.

ನೀವು ಬೆಳಿಗ್ಗೆ ಹೋಗುವಾಗ ಕಡಲು ಎಡಕ್ಕೇ ಇರುತ್ತದೆ, ನಿಲ್ಲಿಸಿದವರು ಅತ್ತಲೇ ಇಳಿದು ಹೋಗುತ್ತಾರೆ. ಕಷ್ಟ ಇರುವುದು ಸಂಜೆಯ ದಾರಿಯಲ್ಲೇ. ಬೈಂದೂರು ಕಡೆಯಿಂದ ಬಂದವರು ನದಿ ಬದಿಗೆ ಗಾಡಿ ನಿಲ್ಲಿಸಿ, ಸೂರ್ಯ ಮುಳುಗುವ ಮೊದಲು ಆಚೆ ಸೇರಬೇಕೆಂದು ರಸ್ತೆಗೆ ಓಡುತ್ತಾರೆ. ಅದೇ ಹೊತ್ತಿಗೆ ನಿಮ್ಮ ಬಲಗಣ್ಣಿಗೆ ಬಿಸಿಲು ಹೊಡೆಯುತ್ತಿರುತ್ತದೆ.

ಒಂದು ಸಂಜೆ ಹೀಗೇ ಎರಡು ಟೆಂಪೋ ಟ್ರಾವೆಲರ್‌ಗಳ ನಡುವಿನಿಂದ ಐದಾರು ವರ್ಷದ ಹುಡುಗಿ ಬಸ್ಸಿನ ಎದುರಿಗೇ ಬಂದಳು. ಚಪ್ಪಲಿ ಎರಡೂ ಕೈಯಲ್ಲಿ, ಮೊಣಕಾಲಿನವರೆಗೆ ಮರಳು. ಜನ ಕಂಡು ಮೊದಲೇ ಸೆಕೆಂಡ್ ಗೇರಿಗೆ ತಂದಿದ್ದೆ, ಬಸ್ಸು ನಿಂತಿತು. ಮಗು ನನ್ನ ಮುಖವನ್ನೇ ನೋಡುತ್ತಿತ್ತು. ಆಮೇಲೆ ಕ್ಲಚ್ಚಿನ ಮೇಲಿಟ್ಟ ಕಾಲು ಎಷ್ಟು ನಡುಗಿತೆಂದರೆ, ಗಾಡಿ ಹೊರಡಿಸಲು ಹೊತ್ತು ಹಿಡಿಯಿತು.

ನನಗೆ ಬಸ್ಸಿನ ಸೀಟಿನಿಂದ ಕಾಣದ್ದು ನಿಮಗೆ ಸ್ಕೂಟರಿನಿಂದ ಕಾಣುತ್ತದೆ: ನಿಂತ ಗಾಡಿಯ ಅಡಿ. ದೂರದಿಂದಲೇ ಅಲ್ಲಿ ನೋಡಿ. ಆಚೆ ಬದಿ ಪಾದಗಳು ಕಂಡರೆ ಯಾರೋ ದಾಟಲು ಹೊರಟಿದ್ದಾರೆ ಎಂದೇ ತಿಳಿಯಿರಿ. ಸಾಲಿನ ಪಕ್ಕದಲ್ಲಿ ಹೋಗುವಾಗ ಒಂದು ಬಾಗಿಲು ಪೂರ್ತಿ ತೆರೆದರೂ ತಾಗದಷ್ಟು ಜಾಗ ಬಿಡಿ, ಹಿಂದಿನವರು ಎಷ್ಟೇ ಹಾರನ್ ಹೊಡೆಯಲಿ. ಬ್ರೇಕ್ ಎರಡನ್ನೂ ಒಟ್ಟಿಗೆ, ಮೆಲ್ಲಗೆ ಹಿಡಿಯಿರಿ. ರಸ್ತೆಯ ಅಂಚಿನಲ್ಲಿ ಗಾಳಿ ತಂದ ಮರಳಿರುತ್ತದೆ, ಮುಂದಿನ ಬ್ರೇಕ್ ಒಂದನ್ನೇ ಒತ್ತಿದರೆ ಚಕ್ರ ಜಾರುತ್ತದೆ. ಮುಂದಿನ ಕಾರಿನ ನಂಬರು ನಮ್ಮ ಉಡುಪಿಯ ಕೆಎ 20 ಅಥವಾ ಮಂಗಳೂರಿನ 19 ಅಲ್ಲದಿದ್ದರೆ ನಾನಂತೂ ಅಂತರ ದುಪ್ಪಟ್ಟು ಮಾಡುತ್ತಿದ್ದೆ. ಕೆಲಸದ ಕಡೆ ಒಪ್ಪಿದರೆ ಈ ಎರಡು ವಾರ ಅರ್ಧ ಗಂಟೆ ಮೊದಲೇ ಹೊರಡಿ. ಕೇಳಲು ಸಂಕೋಚ ಬೇಡ.

ಪ್ರಶ್ನೆ: ದಾವಣಗೆರೆಯಿಂದ ಕುಟುಂಬದೊಂದಿಗೆ ಆಗುಂಬೆ ಮೂಲಕ ಉಡುಪಿಗೆ ಬರುತ್ತಿದ್ದೇವೆ. ನಾನು ಘಾಟಿ ಇಳಿಸುತ್ತಿರುವುದು ಇದೇ ಮೊದಲು. ರಾತ್ರಿ ಹೊರಟರೆ ಒಳ್ಳೆಯದೇ?
– ಓದುಗ, ದಾವಣಗೆರೆ

ಉತ್ತರ: ಬೇಡ ಸರ್. ನಿದ್ದೆಗೆಟ್ಟು ಬಂದು ಬೆಳಗಿನ ಜಾವದ ಮಂಜಿನಲ್ಲಿ 14 ತಿರುವು ಇಳಿಸುವ ಸಾಹಸ ಹೊಸಬರಿಗಲ್ಲ. ಚೆನ್ನಾಗಿ ಮಲಗಿ, ಬೆಳಿಗ್ಗೆ ಹೊರಡಿ. ಸೆಕೆಂಡ್ ಗೇರಿನಲ್ಲಿ ಇಳಿಸಿ, ತಿರುವಿನಲ್ಲಿ ಫಸ್ಟ್ ಬೇಕಾದರೆ ಹಾಕಿ. ಬ್ರೇಕಿನ ಮೇಲೆ ಸದಾ ಕಾಲಿಟ್ಟು ಬಂದರೆ ಅದು ಕಾದು ಹಿಡಿತವೇ ಕಳೆದುಕೊಳ್ಳುತ್ತದೆ. ಸುಟ್ಟ ವಾಸನೆ ಬಂದರೆ ಅಗಲ ಜಾಗದಲ್ಲಿ ನಿಲ್ಲಿಸಿ, ತಣಿಯಲು ಬಿಡಿ, ನೀರು ಹೊಯ್ಯಬೇಡಿ. ಪೆಟ್ರೋಲ್ ಉಳಿಸಲೆಂದು ಎಂಜಿನ್ ಆಫ್ ಮಾಡಿ ಇಳಿಸಲೇಬಾರದು, ಬ್ರೇಕೂ ಸ್ಟಿಯರಿಂಗೂ ಎರಡೂ ಗಟ್ಟಿಯಾಗುತ್ತವೆ. ಹತ್ತಿ ಬರುವವರಿಗೆ ಮೊದಲು ದಾರಿ ಕೊಡಿ.

ಉಡುಪಿಯಲ್ಲಿ ಕಲ್ಸಂಕದ ಹತ್ತಿರ ರಜೆಯಲ್ಲಿ ಗಾಡಿ ಇರುವೆಯಂತೆ ಹರಿಯುತ್ತದೆ. ಪಾರ್ಕಿಂಗ್‌ನಲ್ಲಿ ಕಾರು ಬಿಟ್ಟು ಮಠಕ್ಕೆ ನಡೆದೇ ಹೋಗಿ. ಮಲ್ಪೆ ಬೀಚಿಗೆ ಹೋಗುವುದಿದ್ದರೆ ಸಂಜೆ ನಾಲ್ಕರ ಒಳಗೇ ಹೊರಟುಬಿಡಿ.