ಕಣ್ಣಿಗೆ ಕೆಂಪು, ಫೋಟೋದಲ್ಲಿ ಬಿಳಿ: ಸೂರ್ಯಾಸ್ತ ಯಾಕೆ ಕೈಕೊಡುತ್ತದೆ?

ಸೂರ್ಯೋದಯ, ಸೂರ್ಯಾಸ್ತದ ಫೋಟೋ ತೆಗೆಯುವ ಬಗ್ಗೆ ಓದುಗರು ಕೇಳಿದ ಐದು ಪ್ರಶ್ನೆಗಳು ಇಲ್ಲಿವೆ. ಕೇಳಿದವರಲ್ಲಿ ಹೆಚ್ಚಿನವರ ಕೈಯಲ್ಲಿರುವುದು ಫೋನು. ಹಾಗಾಗಿ ಉತ್ತರವೂ ಮೊದಲು ಫೋನಿಗೇ.

ಮಲ್ಪೆ ಬೀಚಿನಲ್ಲಿ ಆಕಾಶ ಕೆಂಪಾಗಿತ್ತು. ಫೋಟೋದಲ್ಲಿ ಮಾತ್ರ ಸೂರ್ಯ ಬಿಳಿ ಚುಕ್ಕೆ, ಆಕಾಶ ಪೇಲವ ಹಳದಿ. ಫೋನ್ ಬದಲಿಸಬೇಕಾ?
– ಉಡುಪಿಯ ಓದುಗರು

ಬೇಡ. ನಿಮ್ಮ ಫೋನಿನಲ್ಲಿ ದೋಷವಿಲ್ಲ. ಅದು ನಿಮ್ಮನ್ನು ಕೇಳದೆ ಎರಡು ವಿಷಯ ಸರಿಪಡಿಸುತ್ತಿದೆ, ಅಷ್ಟೆ. ಸಂಜೆಯ ಚಿತ್ರದಲ್ಲಿ ಆ ಎರಡನ್ನೂ ನೀವೇ ತಡೆಯಬೇಕು.

ಮೊದಲನೆಯದು ಬೆಳಕಿನ ಪ್ರಮಾಣ, ಅಂದರೆ ಎಕ್ಸ್‌ಪೋಷರ್. ಕೆಳಗೆ ಮರಳು, ದೋಣಿ ಎಲ್ಲ ಕಪ್ಪಾಗಿರುತ್ತವೆ. ಕ್ಯಾಮೆರಾ ಅದನ್ನು ನೋಡಿ ಇಡೀ ಚಿತ್ರವನ್ನು ಬೆಳಗಿಸುತ್ತದೆ. ಆಗ ಆಕಾಶದ ಬಣ್ಣ ಸುಟ್ಟು ಬಿಳಿಯಾಗುತ್ತದೆ. ಪರದೆಯ ಮೇಲೆ ಸೂರ್ಯನ ಪಕ್ಕದ ಆಕಾಶವನ್ನು ಬೆರಳಿನಿಂದ ಒತ್ತಿ ಹಿಡಿಯಿರಿ. ಬಹುತೇಕ ಫೋನುಗಳಲ್ಲಿ ಫೋಕಸ್ ಲಾಕ್ ಆಗಿ, ಬೆಳಕು ಹೆಚ್ಚು ಕಡಿಮೆ ಮಾಡುವ ಗೆರೆ ಕಾಣುತ್ತದೆ. ಅದನ್ನು ಕೆಳಗೆ ಎಳೆಯಿರಿ. ಮೋಡದ ಅಂಚು ಸ್ಪಷ್ಟವಾಗಿ ಕಾಣುವವರೆಗೂ ಎಳೆಯಿರಿ. ನೆಲ ಕಪ್ಪಾಯಿತಲ್ಲ ಅಂತ ಹೆದರಬೇಡಿ. ಕಪ್ಪಾದ ಭಾಗವನ್ನು ಆಮೇಲೆ ಎಡಿಟ್ ಮಾಡುವಾಗ ಸ್ವಲ್ಪ ಎತ್ತಬಹುದು. ಪೂರ್ತಿ ಬಿಳಿಯಾದದ್ದರಲ್ಲಿ ಎತ್ತಲು ಏನೂ ಉಳಿದಿರುವುದಿಲ್ಲ.

ಎರಡನೆಯದು ಬಣ್ಣ. ಬಿಳಿಯನ್ನು ಬಿಳಿಯಾಗಿಯೇ ತೋರಿಸಲು ತಾನೇ ಬಣ್ಣ ಹೊಂದಿಸುವ ಆಟೋ ವೈಟ್ ಬ್ಯಾಲೆನ್ಸ್‌ಗೆ ಸಂಜೆಯ ಕೇಸರಿ ಒಂದು ತಪ್ಪಿನಂತೆ ಕಾಣುತ್ತದೆ. ಅದಕ್ಕೆ ನೀಲಿ ಬೆರೆಸಿ 'ಸರಿ' ಮಾಡಿಬಿಡುತ್ತದೆ. ಎಲ್ಲವನ್ನೂ ನಾವೇ ಹೊಂದಿಸಬಹುದಾದ ಪ್ರೋ ಮೋಡ್ ಇದ್ದರೆ ವೈಟ್ ಬ್ಯಾಲೆನ್ಸನ್ನು ಬಿಸಿಲಿನ ಗುರುತಿಗೆ, ಅಂದರೆ ಸುಮಾರು 5500 ಕೆಲ್ವಿನ್‌ಗೆ ಇಡಿ. ಇನ್ನೂ ಕೆಂಪು ಬೇಕಿದ್ದರೆ ಮೋಡದ ಗುರುತಿಗೆ, ಸುಮಾರು 6500ಕ್ಕೆ. ಅಲ್ಲಿಗೆ ನಿಲ್ಲಿಸಿ. ಎಡಿಟಿಂಗ್‌ನಲ್ಲಿ ಸ್ಯಾಚುರೇಷನ್, ಅಂದರೆ ಬಣ್ಣದ ಗಾಢತೆ ತುಂಬಿ ಆಕಾಶಕ್ಕೆ ಪೇಂಟ್ ಬಳಿದಂತೆ ಮಾಡುವುದು ನನಗಂತೂ ಸರಿ ಕಾಣುವುದಿಲ್ಲ.

ಇವೆಲ್ಲಕ್ಕಿಂತ ಮೊದಲು ಲೆನ್ಸ್ ಒರೆಸಿ. ಸಮುದ್ರದ ಗಾಳಿಯಲ್ಲಿ ಉಪ್ಪುನೀರಿನ ಹನಿ ಇರುತ್ತದೆ, ನಮ್ಮ ಬೆರಳಲ್ಲಿ ಎಣ್ಣೆ. ಸೂರ್ಯನಿಗೆ ಮುಖ ಮಾಡಿದ ಕ್ಯಾಮೆರಾದಲ್ಲಿ ಆ ಪೊರೆ ಇಡೀ ಚಿತ್ರಕ್ಕೆ ಮಬ್ಬು ತರುತ್ತದೆ.

ಕೆಲವರ ಫೋಟೋದಲ್ಲಿ ಸೂರ್ಯ ಗೋಪುರದಷ್ಟು ದೊಡ್ಡದಾಗಿರುತ್ತಾನೆ. ನಾನು ತೆಗೆದರೆ ಸಾಸಿವೆ ಕಾಳು. ಅದು ಎಡಿಟಿಂಗಾ?
– ಹೊಸಪೇಟೆಯ ಓದುಗರು

ಎಡಿಟಿಂಗ್ ಮಾಡುವವರೂ ಇದ್ದಾರೆ. ಆದರೆ ಎಡಿಟ್ ಇಲ್ಲದೆಯೂ ಹಾಗೆ ತೆಗೆಯಬಹುದು, ಮತ್ತು ಅದರ ಲೆಕ್ಕ ತುಂಬಾ ಚೆನ್ನಾಗಿದೆ.

ಆಕಾಶದಲ್ಲಿ ಸೂರ್ಯನ ಅಗಲ ಬರೀ ಅರ್ಧ ಡಿಗ್ರಿ. ಫೋನಿನ ಮುಖ್ಯ ಕ್ಯಾಮೆರಾ ಅಗಲವಾದ ನೋಟ ಹಿಡಿಯುವಂಥದ್ದು. ಅದರ ಚಿತ್ರದಲ್ಲಿ ಸೂರ್ಯ ಅಗಲದ ನೂರೈವತ್ತನೇ ಒಂದು ಭಾಗದಷ್ಟೇ ಬರುತ್ತಾನೆ. ದೊಡ್ಡ ಸೆನ್ಸರ್‌ ಇರುವ ಫುಲ್ ಫ್ರೇಮ್ ಕ್ಯಾಮೆರಾಗೆ 400 ಎಂಎಂನ ಉದ್ದ ಲೆನ್ಸ್ ಹಾಕಿದರೆ ಅದೇ ಸೂರ್ಯ ಚಿತ್ರದ ಅಗಲದ ಹತ್ತನೇ ಒಂದು ಭಾಗ ತುಂಬುತ್ತಾನೆ.

ಲೆನ್ಸ್ ಇದ್ದರೆ ಸಾಲದು, ದೂರವೂ ಬೇಕು. ನೀವು ಎಷ್ಟು ಹಿಂದೆ ಹೋದರೂ ಸೂರ್ಯ ಅಷ್ಟೇ ದೊಡ್ಡದು. ಗೋಪುರ ಮಾತ್ರ ಚಿಕ್ಕದಾಗುತ್ತಾ ಹೋಗುತ್ತದೆ. ಐದೂವರೆ ಅಡಿ ಎತ್ತರದ ಮನುಷ್ಯ ಸುಮಾರು 180 ಮೀಟರ್ ದೂರದಲ್ಲಿ ನಿಂತರೆ ಸೂರ್ಯನಷ್ಟೇ ಎತ್ತರ ಕಾಣುತ್ತಾನೆ. ಮಂಟಪಕ್ಕೋ ಗೋಪುರಕ್ಕೋ ಅದಕ್ಕಿಂತ ಎಷ್ಟೋ ಜಾಸ್ತಿ ದೂರ ಬೇಕು. ಜಾಗವನ್ನೂ ಮೊದಲೇ ನೋಡಿಟ್ಟುಕೊಳ್ಳಿ. ಸೂರ್ಯ ತನ್ನ ಅಗಲದಷ್ಟು ಜರುಗಲು ಎರಡೇ ನಿಮಿಷ ಸಾಕು.

ದಿಕ್ಕೂ ಬದಲಾಗುತ್ತದೆ. ನಮ್ಮ ರಾಜ್ಯದಲ್ಲಿ ಜೂನ್ ಕೊನೆಯ ಹೊತ್ತಿಗೆ ಸೂರ್ಯ ನೇರ ಪಶ್ಚಿಮಕ್ಕಿಂತ ಸುಮಾರು 24 ಡಿಗ್ರಿ ಉತ್ತರಕ್ಕೆ ಮುಳುಗುತ್ತಾನೆ. ಡಿಸೆಂಬರ್ ಕೊನೆಗೆ ಅಷ್ಟೇ ದಕ್ಷಿಣಕ್ಕೆ. ಯಾರೋ ಬೇಸಿಗೆಯಲ್ಲಿ ತೆಗೆದ ಚಿತ್ರ ನೋಡಿ ಚಳಿಗಾಲದಲ್ಲಿ ಅದೇ ಜಾಗಕ್ಕೆ ಹೋದರೆ ಸೂರ್ಯ ಅಲ್ಲಿರುವುದಿಲ್ಲ. ತಾರೀಕು ಕೊಟ್ಟರೆ ದಿಕ್ಕು ತೋರಿಸುವ ಆ್ಯಪ್‌ಗಳಿವೆ, ಹೋಗುವ ಮೊದಲು ನೋಡಿ.

ಉದ್ದ ಲೆನ್ಸ್ ಇಲ್ಲವೇ? ಹಾಗಾದರೆ ಸೂರ್ಯನ ಹಿಂದೆ ಬೀಳಬೇಡಿ. ಹೇಗೂ ಹಂಪಿ ನಿಮಗೆ ಹತ್ತಿರ. ಬೆಳಗಿನ ಜಾವ ಟಾರ್ಚ್ ಹಿಡಿದು, ಜೊತೆಗೊಬ್ಬರನ್ನು ಕರೆದುಕೊಂಡು ಮಾತಂಗ ಬೆಟ್ಟ ಹತ್ತಿ. ಸೂರ್ಯ ಹುಟ್ಟಿದ ಮೇಲೆ ಅವನಿಗೆ ಬೆನ್ನು ಮಾಡಿ ಒಮ್ಮೆ ಸುತ್ತ ನೋಡಿ. ಬಂಡೆಗಳ ಮೇಲೆ ಅಡ್ಡಬಿಸಿಲು ಬಿದ್ದು ಒಂದೊಂದೂ ಬೇರೆಬೇರೆಯಾಗಿ ಎದ್ದು ಕಾಣುತ್ತದೆ. ಕೆಳಗೆ ಅಚ್ಯುತರಾಯ ದೇವಸ್ಥಾನ, ಅದರ ಉದ್ದನೆಯ ನೆರಳುಗಳು. ಸೂರ್ಯನೇ ಇಲ್ಲದ ಆ ಚಿತ್ರ ಪಕ್ಕಾ ಸೂರ್ಯೋದಯದ ಚಿತ್ರ. ಅದಕ್ಕೆ ಫೋನು ಧಾರಾಳ ಸಾಕು.

ಆಗುಂಬೆಗೆ ಎರಡು ಸಲ ಹೋದೆವು. ಒಮ್ಮೆ ಬರೀ ಮೋಡ. ಇನ್ನೊಮ್ಮೆ ಮೋಡವೇ ಇರಲಿಲ್ಲ, ಆದರೂ ಸೂರ್ಯ ಮುಳುಗುವ ಮೊದಲೇ ಮಾಯವಾದ. ಯಾವಾಗ ಹೋಗಬೇಕು?
– ದಾವಣಗೆರೆಯ ಓದುಗರು

ನವೆಂಬರ್‌ನಿಂದ ಜನವರಿವರೆಗೆ ಹೋಗಿ. ಮಳೆಗಾಲದಲ್ಲಿ ಆಗುಂಬೆ ಮಳೆ ನೋಡಲು ಚೆಂದ, ಸೂರ್ಯಾಸ್ತಕ್ಕಲ್ಲ. ನಿಮ್ಮ ಎರಡನೇ ಪ್ರವಾಸ ಬೇಸಿಗೆಯದ್ದಿರಬೇಕು. ಆಗ ದೂಳು, ಹೊಗೆ ಸೇರಿ ಪಶ್ಚಿಮದ ಅಂಚಿನಲ್ಲಿ ಬೂದು ಪರದೆ ಕಟ್ಟುತ್ತದೆ. ಸೂರ್ಯ ಅದರೊಳಗೇ ಕರಗಿಹೋಗುತ್ತಾನೆ.

ದೂಳಿದ್ದರೆ ಬಣ್ಣ ಜಾಸ್ತಿ ಅಂತ ಹಲವರು ನಂಬುತ್ತಾರೆ. ಹಾಗಲ್ಲ. ಮುಳುಗುವ ಸೂರ್ಯನ ಬೆಳಕು ನೆತ್ತಿಯ ಸೂರ್ಯನ ಬೆಳಕಿಗಿಂತ ಸುಮಾರು 38 ಪಟ್ಟು ಹೆಚ್ಚು ಗಾಳಿಯನ್ನು ದಾಟಿ ಬರುತ್ತದೆ. ದಾರಿಯಲ್ಲಿ ನೀಲಿ ಚದುರಿಹೋಗಿ ಕೆಂಪು, ಕೇಸರಿ ಉಳಿಯುತ್ತವೆ. ಈ ಕೆಲಸ ಗಾಳಿಯ ಅಣುಗಳದ್ದು. ದೊಡ್ಡ ದೂಳಿನ ಕಣಗಳು ಎಲ್ಲ ಬಣ್ಣವನ್ನೂ ಒಟ್ಟಿಗೆ ಚದುರಿಸಿ ಆಕಾಶವನ್ನು ಮಂಕು ಮಾಡುತ್ತವೆ. ಹಾಗಾಗಿ ಮಳೆ ಬಿದ್ದು ಗಾಳಿ ತೊಳೆದಂತಾದ ಮರುದಿನ ಒಳ್ಳೆಯ ದಿನ. ಮೇಲೆ ತೆಳು ಮೋಡ ಚದುರಿದ್ದು, ಪಶ್ಚಿಮದ ಅಂಚು ತೆರೆದಿದ್ದರೆ ಇನ್ನೂ ಒಳ್ಳೆಯದು.

ಇನ್ನೊಂದು ಮಾತು. ಸೂರ್ಯ ಮರೆಯಾದ ಕೂಡಲೇ ಗುಂಪು ಗುಂಪಾಗಿ ಜನ ಗಾಡಿಯ ಕಡೆ ಓಡುತ್ತಾರೆ. ದಯವಿಟ್ಟು ಓಡಬೇಡಿ. ಕೆಳಗಿಳಿದ ಸೂರ್ಯನ ಬೆಳಕು ಮೋಡದ ಹೊಟ್ಟೆಗೆ ಬಡಿಯುವುದು ಆಮೇಲೆ. ಸಂಜೆಯ ಅತಿ ಗಾಢ ಬಣ್ಣ ಎಷ್ಟೋ ಸಲ ಆಗಲೇ ಬರುತ್ತದೆ. ನಮ್ಮ ಕಡೆ ಸಂಜೆಬೆಳಕು ಇಪ್ಪತ್ತು ನಿಮಿಷಕ್ಕಿಂತ ಸ್ವಲ್ಪ ಹೆಚ್ಚು ಇರುತ್ತದೆ. ಕಾಲು ಗಂಟೆಯಾದರೂ ಕಾಯಿರಿ. ಬೆಳಕು ಕಡಿಮೆಯಾದಂತೆ ಕೈ ಅಲುಗಾಡಿದರೂ ಚಿತ್ರ ಕೆಡುತ್ತದೆ. ಟ್ರೈಪಾಡ್ ಇಲ್ಲದಿದ್ದರೆ ಫೋನನ್ನು ಕಟ್ಟೆಗೆ ಒರಗಿಸಿ, 2 ಸೆಕೆಂಡಿನ ಟೈಮರ್ ಹಾಕಿ.

ಸೂರ್ಯೋದಯ ನೋಡಲು ಹೋಗುವ ನಂದಿಬೆಟ್ಟಕ್ಕೂ ಇದೇ ಮಾತು, ತಿರುವುಮುರುವಾಗಿ. ಅಲ್ಲಿ ಬಣ್ಣ ಸೂರ್ಯನಿಗಿಂತ ಮೊದಲು ಬರುತ್ತದೆ. ಗೇಟು ಎಷ್ಟು ಹೊತ್ತಿಗೆ ತೆರೆಯುತ್ತಾರೆ ಅಂತ ವಿಚಾರಿಸಿಕೊಂಡೇ ಹೊರಡಿ. ಬೇಗ ಏಳುವುದು ಕಷ್ಟವಾದರೆ ಜನವರಿ ಕೊನೆಯ ವಾರ ನೋಡಿ. ಬೆಂಗಳೂರಿನ ಸುತ್ತ ಸೂರ್ಯ ವರ್ಷದಲ್ಲೇ ಅತಿ ತಡವಾಗಿ ಹುಟ್ಟುವುದು ಡಿಸೆಂಬರ್‌ನಲ್ಲಲ್ಲ, ಆಗ.

ಗೋಕರ್ಣದಲ್ಲಿ ಮನೆಯವರ ಫೋಟೋ ತೆಗೆದೆ. ಸೂರ್ಯ ಚೆನ್ನಾಗಿ ಬಂದ, ಮುಖ ಎಲ್ಲ ಕಪ್ಪು.
– ಹುಬ್ಬಳ್ಳಿಯ ಓದುಗರು

ಸೂರ್ಯನ ಮುಂದೆ ನಿಲ್ಲಿಸಿದರೆ ಮುಖ ಕಪ್ಪಾಗಿಯೇ ಬರುತ್ತದೆ. ಅದನ್ನೇ ಬಳಸಿಕೊಳ್ಳಿ. ಎಲ್ಲರನ್ನೂ ಒಬ್ಬರ ಪಕ್ಕ ಒಬ್ಬರು ಅಂಟದಂತೆ, ಸ್ವಲ್ಪ ಅಡ್ಡ ತಿರುಗಿಸಿ ನಿಲ್ಲಿಸಿ. ಮೂಗು, ಜಡೆ, ಮಗುವಿನ ಕೈ ಇವೆಲ್ಲ ಬೇರೆಬೇರೆಯಾಗಿ ಕಂಡರೆ ನೆರಳುಚಿತ್ರ ಸೊಗಸಾಗಿ ಬರುತ್ತದೆ. ಮುಖವೇ ಬೇಕಿದ್ದರೆ ಅವರನ್ನು ಸೂರ್ಯನ ಕಡೆಗೆ ತಿರುಗಿಸಿ, ನೀವು ಸಮುದ್ರಕ್ಕೆ ಬೆನ್ನು ಹಾಕಿ ತೆಗೆಯಿರಿ. ಎರಡೂ ಬೇಕೆಂದರೆ ಫ್ಲ್ಯಾಶ್ ಹಾಕಿ, ಆದರೆ ನಾಲ್ಕೈದು ಅಡಿ ಹತ್ತಿರವೇ ಇರಿ. ಫೋನಿನ ಫ್ಲ್ಯಾಶ್ ಅದಕ್ಕಿಂತ ದೂರ ಅಷ್ಟಾಗಿ ಮುಟ್ಟುವುದಿಲ್ಲ.

ಸೂರ್ಯನ ಕಡೆ ಕ್ಯಾಮೆರಾ ಹಿಡಿದರೆ ಹಾಳಾಗುತ್ತದೆಯೇ?
– ಮೈಸೂರಿನ ಓದುಗರು

ದಿಗಂತದ ಹತ್ತಿರದ ಸೂರ್ಯನನ್ನು ಫೋನಿನಲ್ಲಿ ಒಂದೆರಡು ಚಿತ್ರ ತೆಗೆದರೆ ಸಾಮಾನ್ಯವಾಗಿ ತೊಂದರೆಯಿಲ್ಲ. ಉದ್ದ ಲೆನ್ಸ್ ಇರುವವರು ಎಚ್ಚರವಾಗಿರಿ. ಅದು ಭೂತಗನ್ನಡಿಯಂತೆ ಬಿಸಿಯನ್ನು ಒಂದೇ ಕಡೆ ಸೇರಿಸುತ್ತದೆ. ಡಿಎಸ್ಎಲ್ಆರ್‌ನ ಕಿಂಡಿಗೆ ಕಣ್ಣಿಟ್ಟು ಸೂರ್ಯನನ್ನು ನೋಡಲೇಬೇಡಿ, ಕಣ್ಣು ಶಾಶ್ವತವಾಗಿ ಹಾಳಾಗಬಹುದು. ಹಿಂದಿನ ಪರದೆ ನೋಡಿಕೊಂಡು ತೆಗೆಯಿರಿ. ಎರಡು ಚಿತ್ರಗಳ ನಡುವೆ ಲೆನ್ಸಿನ ಮುಚ್ಚಳ ಹಾಕಿ, ಅಥವಾ ಕ್ಯಾಮೆರಾವನ್ನು ಬೇರೆ ಕಡೆ ತಿರುಗಿಸಿಡಿ.