ರ‍್ಯಾಕ್ ಆರ್ಡರ್‌ಗೆ ಮುನ್ನ ಒಂದು ಸ್ಯಾಂಪಲ್ ಸಾಕೇ?

30 ಅಂಗಡಿಗಳಿಗೆ 4 ಅಡಿ ಅಗಲದ ರ‍್ಯಾಕ್ ಮಾಡಿಸುವ ಮುನ್ನ ಒಂದೇ ಸ್ಯಾಂಪಲ್ ಸಾಕೇ ಎಂದು ಕೇಳಿದ್ದೀರಿ. ಸಾಲದು, ಎರಡು ಬೇಕು.

ಮೊದಲನೆಯದು ಅಗ್ಗದ ಪ್ಲೈನಲ್ಲಿ, ಬರೀ ಅಳತೆಗೆ. ಅಂಗಡಿಯಲ್ಲೇ ನಿಲ್ಲಿಸಿ, ಸರಕು ಜೋಡಿಸಿ, ಮೇಲಿನ ಹಲಗೆ ಎಲ್ಲರ ಕೈಗೂ ಎಟಕುತ್ತದಾ ನೋಡಿ. ಎರಡನೆಯದು ಮಾತ್ರ ಆರ್ಡರ್‌ಗೆ ಬಳಸುವ ಅದೇ ಹಲಗೆ, ಅದೇ ಲ್ಯಾಮಿನೇಟ್, ಅದೇ ಯಂತ್ರದಲ್ಲಿ ಆಗಬೇಕು. ನುರಿತ ಬಡಗಿ ಕೈಯಲ್ಲಿ ಮಾಡಿದರೆ ಉಜ್ಜಿ ಕೂರಿಸಿಬಿಡುತ್ತಾರೆ, ತಪ್ಪು ಡ್ರಾಯಿಂಗಿನಲ್ಲೇ ಉಳಿಯುತ್ತದೆ. 18 ಮಿ.ಮೀ. ಹಲಗೆಯ ಎರಡೂ ಕಡೆ 1 ಮಿ.ಮೀ. ಲ್ಯಾಮಿನೇಟ್ ಅಂಟಿಸಿದರೆ 20 ಆಯಿತು. ಹಲಗೆ ಕೂರಿಸಲು 18ಕ್ಕೆ ಕೊರೆದ ಗ್ರೂವ್‌ಗೆ ಅದು ಹೋಗುವುದಿಲ್ಲ. ದಪ್ಪವನ್ನು ಕ್ಯಾಲಿಪರ್ ಎಂಬ ಅಳತೆ ಉಪಕರಣದಲ್ಲಿ ಅಳೆದೇ ಡ್ರಾಯಿಂಗಿನಲ್ಲಿ ಬರೆಯಿರಿ.

ನಿಮ್ಮಲ್ಲಿ ಅಸಲಿ ತೊಂದರೆ ಆ 4 ಅಡಿ. ಪ್ರತಿ ಅಡಿಗೆ ಅಷ್ಟೇ ಭಾರವಿದ್ದರೂ 3 ಅಡಿಯ ಹಲಗೆಗಿಂತ ಅದು ಸುಮಾರು ಮೂರು ಪಟ್ಟು ಬಾಗುತ್ತದೆ. ಮರದ ಚೂರು ಅಂಟಿಸಿ ಒತ್ತಿ ಮಾಡಿದ ಪಾರ್ಟಿಕಲ್ ಬೋರ್ಡ್ ಆದರಂತೂ ದಿನ ಕಳೆದಂತೆ ಇನ್ನಷ್ಟು. ಮಾಮೂಲಿ ಸರಕಿನ ಒಂದೂವರೆ ಪಟ್ಟು ಭಾರ ಹೇರಿ ಎರಡು ವಾರ ಬಿಡಿ, ದಾರ ಬಿಗಿದು ನಡುವಿನ ತಗ್ಗು ಅಳೆಯಿರಿ. 4 ಮಿ.ಮೀ. ದಾಟಿದರೆ ಮುಂದಿನ ಅಂಚಿನಡಿ ಕಬ್ಬಿಣದ ಚೌಕ ಪೈಪ್ ಕೊಡಿಸಿ.

ಬಿಚ್ಚಿ ಜೋಡಿಸುವುದನ್ನೂ ಮೂರು ಸಲ ಮಾಡಿಸಿ. ಬೋರ್ಡಿಗೆ ನೇರ ಸ್ಕ್ರೂ ಹೊಡೆದಿದ್ದರೆ ಪ್ರತಿ ಸಲವೂ ಹಿಡಿತ ಸಡಿಲವಾಗುತ್ತದೆ. ಬೋರ್ಡಿನೊಳಗೆ ಕೂರುವ ಲೋಹದ ಇನ್ಸರ್ಟ್ ನಟ್ ಹಾಕಿಸಿ. ಒಪ್ಪಿದ ಸ್ಯಾಂಪಲ್‌ಗೆ ಸಹಿ, ತಾರೀಖು ಹಾಕಿ ವರ್ಕ್‌ಶಾಪಿನಲ್ಲೇ ಇಡಿಸಿ, ಕೊನೆಯ ರ‍್ಯಾಕ್ ಹೊರಡುವವರೆಗೂ.